ಖಾಲಿ ಸಿಲಿಂಡರ್ ಎಷ್ಟಿವೆ?

2021ರ ಮೇ ತಿಂಗಳ ಒಂದು ರಾತ್ರಿ ಹನ್ನೊಂದೂಕಾಲಕ್ಕೆ ನಾನೇ ಮಾಡಿದ ಆನ್‌ಲೈನ್ ಫಾರಂನಿಂದ ತಾಲ್ಲೂಕು ಆಸ್ಪತ್ರೆಯೊಂದರ ಇಂಡೆಂಟ್, ಅಂದರೆ ಸಾಮಗ್ರಿಯ ಬೇಡಿಕೆ, ಬಂತು. ಸಾಮಗ್ರಿ: ಆಕ್ಸಿಜನ್. ಪ್ರಮಾಣ: 40. ಆದ್ಯತೆ: ಅತಿ ತುರ್ತು.

ನಲವತ್ತು ಏನು? ಜಂಬೊ ಸಿಲಿಂಡರಾ, ಆಂಬುಲೆನ್ಸಿನಲ್ಲಿಡುವ ಸಣ್ಣದಾ? ಜಂಬೊ ಅಂದರೆ ಡಿ-ಟೈಪ್, ಒಂದರಲ್ಲಿ ಸುಮಾರು 7 ಘನ ಮೀಟರ್ ಅನಿಲ ಇರುತ್ತದೆ. ಸಣ್ಣದು ಬಿ-ಟೈಪ್, ಅದರಲ್ಲಿ ಒಂದೂವರೆ ಘನ ಮೀಟರ್. ನಲವತ್ತು ಜಂಬೊ ಅಂದರೆ 280 ಘನ ಮೀಟರ್, ನಲವತ್ತು ಸಣ್ಣವು ಅಂದರೆ ಬರೀ 60. ಫಾರಂನಲ್ಲಿ ಅದನ್ನು ಕೇಳುವ ಜಾಗವೇ ಇರಲಿಲ್ಲ. 2020ರಲ್ಲಿ ಮಾಸ್ಕು, ಸ್ಯಾನಿಟೈಸರು, ಪಿಪಿಇ ಕಿಟ್ಟಿಗೆಂದು ಮಾಡಿದ ಫಾರಂಗೇ ಪಟ್ಟಿಯ ಕೊನೆಯಲ್ಲಿ 'ಆಕ್ಸಿಜನ್' ಅಂತ ಒಂದು ಸಾಲು ಸೇರಿಸಿ ಕೈತೊಳೆದುಕೊಂಡಿದ್ದೆ. ಐದು ನಿಮಿಷದ ಕೆಲಸ.

ಆಸ್ಪತ್ರೆಗೆ ಫೋನ್ ಹಚ್ಚಿದೆ. ರಾತ್ರಿ ಡ್ಯೂಟಿಯ ಸ್ಟಾಫ್ ನರ್ಸ್ ಎತ್ತಿದರು. "ನಾವಲ್ರೀ ಮೇಡಂ ಹಾಕಿದ್ದು, ಫಾರ್ಮಸಿಯವ್ರು ಮನ್ಯಾಗಿಂದ ಹಾಕ್ಯಾರ. ಇಲ್ಲಿ ಆರು ಜಂಬೊ ನಿಂತಾವ. ಅದ್ರಾಗ ಎಷ್ಟು ತುಂಬ್ಯಾವ ನೋಡಿ ಹೇಳ್ತೀನಿ, ಲೈನ್‌ನಾಗಿರ್ರಿ." ಲೈನಿನಲ್ಲಿದ್ದೆ. ಹಿಂದೆ ಯಾರದೋ ಕೆಮ್ಮು, ಫ್ಯಾನಿನ ಸದ್ದು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಠಣ್ ಅನ್ನೋ ಶಬ್ದ. ಮೂರು ತುಂಬಿದ್ದವು, ಮೂರು ಖಾಲಿ.

ಅವತ್ತು ರಾತ್ರಿ ಆ ಆಸ್ಪತ್ರೆಗೆ ಹೋದದ್ದು ಹದಿನಾಲ್ಕು ಜಂಬೊ. ಹದಿನಾಲ್ಕೇ ಯಾಕೆ? ಸಿಕ್ಕ ಗಾಡಿಯಲ್ಲಿ ಅಷ್ಟೇ ಹಿಡಿಯುತ್ತಿದ್ದವು, ಬೇರೆ ಲೆಕ್ಕಾಚಾರ ಏನೂ ಇಲ್ಲ. ಬೆಳಿಗ್ಗೆ ಫಾರ್ಮಸಿ ಅಧಿಕಾರಿ ತಾವೇ ಫೋನ್ ಮಾಡಿದರು. ನಿವೃತ್ತಿಗೆ ಹತ್ತಿರವಿದ್ದ ಹಿರಿಯರು. ನಲವತ್ತು ಯಾಕೆ ಬರೆದಿರಿ ಸರ್ ಅಂತ ಕೇಳಿದೆ.

"ನೋಡವ್ವ, ಹೋದ ಸಲ ಮೂವತ್ತು ಕೇಳಿದ್ದೆ, ಒಂಬತ್ತು ಕೊಟ್ರಿ. ಈ ಸಲ ಹನ್ನೆರಡು ಬೇಕಾಗಿದ್ದವು. ಅದಕ್ಕ ನಲವತ್ತು ಬರದೆ."

ಅವರ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಫಾರಂ. ಎಷ್ಟು ಬೇಕು ಅಂತ ಕೇಳಿದರೆ ಯಾರೇ ಆಗಲಿ ಹೆದರಿಕೆಯನ್ನೂ ಸೇರಿಸಿಯೇ ಉತ್ತರ ಕೊಡುತ್ತಾರೆ. ಎಷ್ಟಿದೆ, ಇದ್ದದ್ದು ಎಷ್ಟು ಗಂಟೆ ಬರುತ್ತದೆ, ತುಂಬಿಸಿಕೊಳ್ಳಲು ಖಾಲಿ ಎಷ್ಟಿವೆ ಅಂತ ಕೇಳಬೇಕಾಗಿತ್ತು.

ನಾನು ಬಳ್ಳಾರಿಯವಳು, ಹೊರಗುತ್ತಿಗೆ ಮೇಲೆ ಜಿಲ್ಲಾ ಮಟ್ಟದ ಒಂದು ಕಚೇರಿಯಲ್ಲಿ ಪ್ರೋಗ್ರಾಮರ್ ಆಗಿದ್ದವಳು. ಕಚೇರಿಯ ಹೆಸರು ಬೇಡ. ಕೋವಿಡ್ ಬರುವ ಮುಂಚೆ ನನ್ನ ಕೆಲಸ ಅಂದರೆ ಹಾಜರಾತಿ, ಅರ್ಜಿ ಸ್ಥಿತಿ, ಪಿಂಚಣಿ ಪಟ್ಟಿ ಇಂಥವು. 2020ರ ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಮರುವಾರ ಸಾಹೇಬರು ಕರೆದು, "ಯಾವ ಆಸ್ಪತ್ರೆಗೆ ಏನು ಬೇಕು, ನಾವು ಏನು ಖರೀದಿ ಮಾಡಿದ್ವಿ, ಏನು ಬಂತು, ಒಂದೇ ಕಡೆ ಕಾಣಬೇಕು, ಮೂರು ದಿನದಾಗ ಮಾಡಿಕೊಡಮ್ಮ" ಅಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ. ತೋಡಿದೆವು, ಏನು ಮಾಡೋದು. ಮೂರು ದಿನ ಅಂದದ್ದು ಆರು ದಿನವಾಯಿತು.

ಮೊದಲ ಪೆಟ್ಟು ಕೊಟ್ಟದ್ದು ನುಡಿ, ಕನ್ನಡ ಟೈಪ್ ಮಾಡುವ ತಂತ್ರಾಂಶ. ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇಷ್ಟು ಹೇಳಿದರೆ ಸಾಕು. ತಾಲ್ಲೂಕಿನವರು ವರ್ಷಗಟ್ಟಲೆ ನುಡಿಯಲ್ಲಿ ಹಳೇ ಫಾಂಟಿನಲ್ಲೇ ಟೈಪ್ ಮಾಡಿದವರು. ಸಾಮಗ್ರಿ ಪಟ್ಟಿ ಅವರ ವರ್ಡ್ ಫೈಲಿನಲ್ಲಿ ಸಿದ್ಧವಾಗಿಯೇ ಇರುತ್ತಿತ್ತು. ಅದನ್ನು ಕಾಪಿ ಮಾಡಿ ನಮ್ಮ ಫಾರಂಗೆ ಅಂಟಿಸಿದರೆ 'ಮೂರು ಪದರದ ಮಾಸ್ಕ್' ಅನ್ನೋದು ಇಂಗ್ಲಿಷ್ ಅಕ್ಷರ, ಚುಕ್ಕೆ, ಆವರಣ ಚಿಹ್ನೆ ಕಲಸಿದ ಮೇಲೋಗರವಾಗಿ ಬರುತ್ತಿತ್ತು. ಅವರ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವುದು ನನ್ನ ಪರದೆಯಲ್ಲಿ ಕಸವಾಗಿ ಕಂಡರೆ, ತಪ್ಪು ನನ್ನದು ಅಂತಲೇ ಅವರು ತಿಳಿಯುವುದು ಸಹಜ. ಎಲ್ಲ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯುನಿಕೋಡಿನಲ್ಲಿ ಟೈಪ್ ಮಾಡಿ ಅಂತ ಸುತ್ತೋಲೆ ಹೊರಡಿಸೋಣ ಅಂತ ಯಾರೋ ಅಂದರು. ಆ ಗಡಿಬಿಡಿಯಲ್ಲಿ ಸುತ್ತೋಲೆ ಯಾರು ಓದುತ್ತಾರೆ? ಅಂಟಿಸಿದ ಕೂಡಲೇ ಹಳೇ ಫಾಂಟು ಅಂತ ಗುರುತಿಸಿ, ಯುನಿಕೋಡಿಗೆ ತಿರುಗಿಸುವ ಸಣ್ಣ ಕೋಡನ್ನು ಫಾರಂ ಒಳಗೇ ಹಾಕಿದೆ. ಅರ್ಕಾವತ್ತು ಮಾತ್ರ ಆಗಾಗ ಕೈಕೊಡುತ್ತಿತ್ತು. ಒಟ್ಟು ಕೆಲಸದಲ್ಲಿ ನನಗೆ ಇವತ್ತಿಗೂ ಹೆಮ್ಮೆ ಇರುವುದು ಅದೊಂದರ ಬಗ್ಗೆ, ಅದನ್ನು ಯಾರೂ ಗಮನಿಸಲಿಲ್ಲ ಅನ್ನೋದೂ ಸೇರಿ.

ಎರಡನೆಯದು ಊರಿನ ಹೆಸರು. ಬೆಲ್ಲಾರಿ ಬಳ್ಳಾರಿಯಾಗಿದ್ದು, ಹಾಸ್ಪೆಟ್ ಹೊಸಪೇಟೆಯಾಗಿದ್ದು 2014ರ ನವೆಂಬರ್ 1ಕ್ಕೆ. ಆದರೆ ಪೂರೈಕೆದಾರರ ಬಿಲ್ಲುಗಳಲ್ಲಿ, ಹಳೇ ವಿಳಾಸಗಳಲ್ಲಿ ಎರಡೂ ಓಡಾಡುತ್ತಿದ್ದವು. ಒಂದೇ ಆಸ್ಪತ್ರೆ ನಮ್ಮ ಪಟ್ಟಿಯಲ್ಲಿ ಎರಡಾಗಿ ಕುಳಿತು, ಎರಡು ಪಾಲು ತೆಗೆದುಕೊಂಡಿತು ಒಂದು ಸಲ. ಹರಪನಹಳ್ಳಿಯ ಕಥೆ ಇನ್ನೂ ಚಂದ. 1997ರಲ್ಲಿ ದಾವಣಗೆರೆಗೆ ಹೋಗಿದ್ದ ತಾಲ್ಲೂಕು, ಕೋವಿಡ್‌ಗೆ ಸ್ವಲ್ಪ ಮುಂಚೆ ಬಳ್ಳಾರಿಗೆ ಮರಳಿತ್ತು. ಅಷ್ಟರಲ್ಲಿ 2021ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆಯ ಅಧಿಸೂಚನೆ ಬಂತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಆ ಕಡೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಈ ಕಡೆ. ಕಾಗದದ ಮೇಲೆ ಜಿಲ್ಲೆ ಎರಡು, ಉಸ್ತುವಾರಿ ಒಂದು, ಎರಡನೇ ಅಲೆ ನೆತ್ತಿಯ ಮೇಲೆ. ಹೊಸ ಜಿಲ್ಲೆ ಉದ್ಘಾಟನೆಯಾಗಿದ್ದು ಅಕ್ಟೋಬರ್ 2ಕ್ಕೆ, ಅಷ್ಟರಲ್ಲಿ ಅಲೆ ಇಳಿದಿತ್ತು. ಆಸ್ಪತ್ರೆಗೆ ಜಿಲ್ಲೆಯನ್ನು ಗಟ್ಟಿಯಾಗಿ ಕಟ್ಟಿಹಾಕಿದ್ದ ನನ್ನ ಕೋಡಿನಲ್ಲಿ, ಹಿಂದಿನ ತಿಂಗಳ ಪೂರೈಕೆಯನ್ನೂ ಹೊಸ ಜಿಲ್ಲೆಯ ಲೆಕ್ಕಕ್ಕೆ ತೋರಿಸಿ ಒಂದು ವರದಿ ಹೊರಬಿತ್ತು. ಬೈಗುಳ ತಿಂದೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಾವ ಜಿಲ್ಲೆ ಅಂತ ಎರಡು ಕಾಲಂ ಸೇರಿಸಿದರೆ ಮುಗಿಯುವ ವಿಷಯವದು.

ಇನ್ನು ಖರೀದಿ. ಮಾಮೂಲಿ ದಿನಗಳಲ್ಲಿ ಸರ್ಕಾರಿ ಖರೀದಿ ಅಂದರೆ ಟೆಂಡರು. ಪ್ರಕಟಣೆ, ಬಿಡ್ಡು, ತಾಂತ್ರಿಕ ಲಕೋಟೆ, ಆರ್ಥಿಕ ಲಕೋಟೆ, ತುಲನಾ ಪಟ್ಟಿ, ಕಾರ್ಯಾದೇಶ. ವಾರಗಳೇ ಬೇಕು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999, ಎಲ್ಲರೂ ಕೆಟಿಪಿಪಿ ಅನ್ನೋದು ಇದಕ್ಕೇ. ಅದರ 4ನೇ ಪ್ರಕರಣದ ಎ ಖಂಡದಲ್ಲಿ, ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಪರಿಸ್ಥಿತಿಯ ಅವಧಿಯ ನಿರ್ದಿಷ್ಟ ಖರೀದಿಗೆ ಟೆಂಡರಿನಿಂದ ವಿನಾಯಿತಿ ಉಂಟು. ಕಚೇರಿಯಲ್ಲಿ 'ಫೋರ್ ಎ' ಅನ್ನೋದು ಆ ದಿನಗಳಲ್ಲಿ ಮಂತ್ರದ ಹಾಗೆ ಕೇಳುತ್ತಿತ್ತು.

ಟೆಂಡರಿಗೆ ವಿನಾಯಿತಿ ಸಿಕ್ಕರೆ ಲೆಕ್ಕಕ್ಕೂ ವಿನಾಯಿತಿ ಸಿಕ್ಕಿತು ಅಂತ ಕೆಲವರು ತಿಳಿದರು. ನಮ್ಮ ವಿಷಯ ನಿರ್ವಾಹಕಿ ಒಬ್ಬರು, ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ, ಮೊದಲ ದಿನವೇ ಹೇಳಿದ್ದರು: "ಈಗ ಎಲ್ಲಾರೂ ಲಗು ಲಗು ಅಂತಾರ. ಎರಡು ವರ್ಷ ಬಿಟ್ಟು ಆಡಿಟ್‌ನವ್ರು ಬಂದು ಯಾಕ, ಯಾಕ ಅಂತಾರ. ಆಗ ಉತ್ತರ ಕೊಡಾಕ ನೀನಿರಲ್ಲ, ನಾ ಇರತೀನಿ. ಯಾಕ ಅನ್ನೋದಕ್ಕ ಒಂದು ಜಾಗ ಇಡು." ಹಾಗಾಗಿ ಖರೀದಿ ಪುಟದಲ್ಲಿ 'ಕಾರಣ' ಅಂತ ಒಂದು ಡಬ್ಬಿ ಬಂತು. ಕನಿಷ್ಠ ದರ ಬಿಟ್ಟು ಹೆಚ್ಚಿನ ದರ ಒಪ್ಪಿದರೆ, ಒಂದೇ ದರಪಟ್ಟಿಯ ಮೇಲೆ ತೆಗೆದುಕೊಂಡರೆ, ಮಾದರಿ ನೋಡದೆ ಆದೇಶ ಕೊಟ್ಟರೆ, ಆ ಡಬ್ಬಿ ತುಂಬದೆ ಮುಂದಕ್ಕೆ ಹೋಗುವಂತಿಲ್ಲ.

ಮೊದಲ ವಾರ ಆ ಡಬ್ಬಿಯಲ್ಲಿ ಬಂದದ್ದೆಲ್ಲ 'ತುರ್ತು', 'ಅತಿ ತುರ್ತು', 'ಓಕೆ', ಬರೀ ಒಂದು ಚುಕ್ಕೆ. ಕಡ್ಡಾಯ ಅಂತ ಮಾಡಿದರೆ ಸತ್ಯ ಬರುತ್ತದೆ ಅನ್ನೋದು ನಮ್ಮಂಥ ಪ್ರೋಗ್ರಾಮರುಗಳ ಭ್ರಮೆ. ಆಮೇಲೆ ಡಬ್ಬಿ ಒಡೆದು ಸಣ್ಣ ಪ್ರಶ್ನೆ ಮಾಡಿದೆ: ಎಷ್ಟು ಜನರಿಗೆ ಫೋನ್ ಮಾಡಿದಿರಿ? ಸ್ಟಾಕ್ ಇಲ್ಲ ಅಂದವರು ಎಷ್ಟು? ಈ ದರದವರು ಯಾವ ದಿನ ತಲುಪಿಸುತ್ತಾರೆ, ಕಡಿಮೆ ದರದವರು ಯಾವ ದಿನ? ಇವಕ್ಕೆ ಜನ ನಿಜವಾದ ಉತ್ತರ ಬರೆದರು, ಯಾಕಂದರೆ ಉತ್ತರ ಅವರಿಗೆ ಗೊತ್ತಿತ್ತು. "5 ಕಡೆ ಫೋನ್, 3 ಕಡೆ ಇಲ್ಲ, ಒಬ್ಬರು 12 ದಿನ ಅಂದರು, ಇವರು ನಾಳೆ ಬೆಳಿಗ್ಗೆ." ಎರಡು ಸಾಲಿನ ಈ ಬರಹ ಎರಡು ಪುಟದ ಟಿಪ್ಪಣಿಗಿಂತ ಗಟ್ಟಿ. 2023ರ ಆಗಸ್ಟ್‌ನಲ್ಲಿ ಕೋವಿಡ್ ಕಾಲದ ಖರೀದಿಗಳ ವಿಚಾರಣೆಗೆ ರಾಜ್ಯ ಸರ್ಕಾರ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗ ನೇಮಿಸಿದ ಸುದ್ದಿ ಓದುವಾಗ ನನಗೆ ಮೊದಲು ನೆನಪಾದದ್ದು ಅಕ್ಕ ಇಡಿಸಿದ ಆ ಡಬ್ಬಿ.

ದರದ ವಿಷಯದಲ್ಲಿ ಯಂತ್ರ ಒಂದು ಒಳ್ಳೆ ಕೆಲಸ ಮಾಡಿತು. 2020ರ ಮಾರ್ಚ್ ಮೂರನೇ ವಾರದಲ್ಲಿ ಕೇಂದ್ರ ಸರ್ಕಾರ ಎರಡು ಪದರದ ಮಾಸ್ಕಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ, 200 ಎಂಎಲ್ ಸ್ಯಾನಿಟೈಸರಿಗೆ 100 ರೂಪಾಯಿ ಅಂತ ಗರಿಷ್ಠ ದರ ಕಟ್ಟಿತ್ತು. ಅದನ್ನು ಮೀರಿದ ದರ ಟೈಪಿಸಿದರೆ ಆ ಅಂಕಿ ಕೆಂಪಾಗುವಂತೆ ಮಾಡಿದೆ. ಫಾರಂ ತಡೆಯುತ್ತಿರಲಿಲ್ಲ, ಬರೀ ಕೆಂಪಾಗುತ್ತಿತ್ತು. ಗುಮಾಸ್ತರು ಆ ಕೆಂಪು ಅಂಕಿಯ ಫೋಟೋ ತೆಗೆದು ಮಾರಾಟಗಾರರಿಗೆ ಕಳಿಸುತ್ತಿದ್ದರು. "ನೋಡ್ರಿ, ಕಂಪ್ಯೂಟರೇ ಒಪ್ಪವಲ್ದು." ತಾವು ಬೇಡ ಅಂದರೆ ಮನಸ್ತಾಪ, ಕಂಪ್ಯೂಟರ್ ಬೇಡ ಅಂದರೆ ಯಾರಿಗೂ ಬೇಸರವಿಲ್ಲ.

ಮಾರಾಟಗಾರರ ನೋಂದಣಿ ಪುಟದಲ್ಲಿ ಎಡವಿದೆ. ಜಿಎಸ್‌ಟಿ ಸಂಖ್ಯೆ ಕಡ್ಡಾಯ ಅಂತ ಹಾಕಿದ್ದೆ, ಹಾಗೆ ಹಾಕುವುದೇ ರೂಢಿ. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಲಾಕ್‌ಡೌನ್‌ನಲ್ಲಿ ಮಿಷನ್‌ಗಳು ಸುಮ್ಮನೆ ಕೂತಿದ್ದವು. ಬಟ್ಟೆ ಮಾಸ್ಕ್ ಹೊಲಿದುಕೊಡುತ್ತೇವೆ ಅಂತ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಂದರು, ಮನೆಯಲ್ಲೇ ನಾಲ್ಕು ಮಿಷನ್ ಇಟ್ಟುಕೊಂಡ ಟೇಲರ್‌ಗಳು ಬಂದರು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಕಾನೂನಿಗೆ ಬೇಡದ ಸಂಖ್ಯೆ ನನ್ನ ಫಾರಂಗೆ ಬೇಕಾಗಿತ್ತು. ಒಬ್ಬ ಹೆಣ್ಣುಮಗಳು ಕಚೇರಿಯ ಕಟ್ಟೆಯ ಮೇಲೆ ಮಾಸ್ಕಿನ ಚೀಲ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದಳು, ಕಡ್ಡಾಯ ಅನ್ನುವ ನನ್ನ ಕೆಂಪು ನಕ್ಷತ್ರ ಚಿಹ್ನೆಯ ದೆಸೆಯಿಂದ. ಅದನ್ನು ಅಳಿಸಲು ಹಿಡಿದದ್ದು ಒಂದು ನಿಮಿಷ.

ಅಕ್ಕ ಅಂದಂತೆ ಎಲ್ಲರೂ ಲಗು ಲಗು ಅಂದರು, ಹಾಗೆ ಅಂದವರಲ್ಲಿ ನಮ್ಮ ಕಡೆಯವರಿಂದ ತಗೊಳ್ಳಿ ಅನ್ನುವವರೂ ಇದ್ದರು. ಯಾರು ಅನ್ನೋದು ಇಲ್ಲಿ ಬೇಡ. "ಇವರ ಹೆಸರು ಮೇಲೆ ಬರೋ ಹಂಗ ಮಾಡವ್ವ" ಅಂತ ನನಗೇ ಒಬ್ಬರು ಹೇಳಿದ್ದುಂಟು. ಬ್ರಿಟನ್‌ನಲ್ಲಿ ಇದನ್ನು ಒಂದು ವ್ಯವಸ್ಥೆಯನ್ನಾಗಿಯೇ ಮಾಡಿದ್ದರು. ಮಂತ್ರಿಗಳು, ಸಂಸದರು ಶಿಫಾರಸು ಮಾಡಿದ ಪಿಪಿಇ ಪೂರೈಕೆದಾರರಿಗೆ ಬೇರೆಯೇ ಸಾಲು. 2022ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ಅದು ಕಾನೂನಿಗೆ ವಿರುದ್ಧ ಅಂತ ಹೇಳಿತು. ನಾನು ಮಾಡಿದ್ದು ಇಷ್ಟೆ: ದರಪಟ್ಟಿಗಳು ಬಂದ ಸಮಯದ ಕ್ರಮದಲ್ಲೇ ಕಾಣಬೇಕು, ಸಾಲನ್ನು ಹಿಂದೆಮುಂದೆ ಮಾಡುವ ಬಟನ್ ಯಾರಿಗೂ ಇರಬಾರದು. ಕೇಳಿದವರಿಗೆ "ಆ ಸೌಲಭ್ಯ ಇಲ್ಲ ಸರ್, ಬೆಂಗಳೂರಿನಿಂದ ಬರಬೇಕು" ಅಂತ ಸುಳ್ಳು ಹೇಳಿದೆ. ಬೆಂಗಳೂರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಪಿಪಿಇ ಕಿಟ್ಟಿನ ಗುಣಮಟ್ಟ ನೋಡುವುದು ನಮಗೆಲ್ಲಿ ಬರಬೇಕು? ಬಿಳಿ ಬಟ್ಟೆ, ಜಿಪ್ಪು, ಟೋಪಿ, ಎಲ್ಲ ಒಂದೇ ಥರ. ಆದರೆ ಕೊಯಮತ್ತೂರಿನ ಸಿಟ್ರಾ ಥರದ ಪ್ರಯೋಗಾಲಯಗಳು ಕೃತಕ ರಕ್ತ ಹಾಯಿಸಿ ಪರೀಕ್ಷೆ ಮಾಡಿ, ಪಾಸಾದ ಕವರಾಲ್‌ಗೆ, ಅಂದರೆ ಮೈತುಂಬ ಮುಚ್ಚುವ ಆ ಬಟ್ಟೆಗೆ, ಯುಸಿಸಿ ಅನ್ನೋ ವಿಶಿಷ್ಟ ಸಂಖ್ಯೆ ಕೊಡುತ್ತಿದ್ದವು. ಆ ಸಂಖ್ಯೆಗೆ ಒಂದು ಕಾಲಂ ಇಟ್ಟೆವು. ಸರಕು ಇಳಿಸಿಕೊಳ್ಳುವಾಗ ಉಗ್ರಾಣದವರು ಒಂದು ಕಿಟ್ ಬಿಚ್ಚಿ, ಅದರ ಮೇಲಿನ ಮುದ್ರೆಯ ಫೋಟೋ ಹಾಕಬೇಕು. ಸರಕುಪಟ್ಟಿಯಲ್ಲಿ ಒಂದು ಸಂಖ್ಯೆ, ಬಟ್ಟೆಯ ಮೇಲೆ ಮುದ್ರೆಯೇ ಇಲ್ಲದ ಒಂದು ಲೋಡು ಹಾಗೆ ಸಿಕ್ಕಿತು. ಅದನ್ನು ವಾಪಸ್ ಕಳಿಸಿದರು. ಕಳಿಸಿದ ಮೇಲೆ ನಾಲ್ಕು ದಿನ ವಾರ್ಡಿನಲ್ಲಿ ಕಿಟ್ಟಿಗೆ ಪರದಾಟವಾಯಿತು ಅನ್ನೋದನ್ನೂ ಹೇಳಬೇಕು. ನಾಲ್ಕು ದಿನ ವಾರ್ಡಿನವರು ನನ್ನ ಬಗ್ಗೆ ಏನಂದುಕೊಂಡರೋ.

ಮೊದಲ ಅಲೆ ಇಳಿದಾಗ ಇಷ್ಟೆಲ್ಲ ಕಲಿತಿದ್ದೇವೆ ಅಂತ ಬೀಗಿದ್ದೆವು. ಎರಡನೇ ಅಲೆಯಲ್ಲಿ ಮಾಸ್ಕೂ ಕೇಳಲಿಲ್ಲ, ಕಿಟ್ಟೂ ಕೇಳಲಿಲ್ಲ. ಕೇಳಿದ್ದು ಗಾಳಿ.

ಮಾಸ್ಕು ಒಮ್ಮೆ ಕೊಟ್ಟರೆ ಮುಗಿಯಿತು. ಸಿಲಿಂಡರ್ ಹಾಗಲ್ಲ. ಖಾಲಿ ಕೊಟ್ಟು ತುಂಬಿದ್ದು ತರಬೇಕು. ಖಾಲಿ ಇಲ್ಲದಿದ್ದರೆ ಆಕ್ಸಿಜನ್ ಇದ್ದೂ ಇಲ್ಲ. ಇದು ಬಳ್ಳಾರಿಯವರಿಗೆ ಹೊಟ್ಟೆ ಉರಿಸುವ ವಿಷಯವಾಗಿತ್ತು. ಇಲ್ಲಿಂದ ಮೂವತ್ತು ಕಿಲೋಮೀಟರ್ ಆಚೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗಾಗಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ದೊಡ್ಡ ಘಟಕಗಳಿವೆ. ಅಲ್ಲಿಂದ ದ್ರವ ಆಕ್ಸಿಜನ್ ಟ್ಯಾಂಕರುಗಳು ರಾಜ್ಯದ ನಾನಾ ಕಡೆ ಓಡುತ್ತಿದ್ದವು. ಅಲ್ಲೇ ಪಕ್ಕದಲ್ಲಿ ಮೇ ತಿಂಗಳಲ್ಲಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆಯೂ ಎದ್ದಿತು. ಅಷ್ಟಿದ್ದೂ ತಾಲ್ಲೂಕಿನ ಆಸ್ಪತ್ರೆಯಲ್ಲಿ ಸಿಲಿಂಡರಿಗೆ ತತ್ವಾರ, ಯಾಕಂದರೆ ಟ್ಯಾಂಕರಿನ ದ್ರವವನ್ನು ಇಳಿಸಿಕೊಳ್ಳಲು ಅವರಲ್ಲಿ ಟ್ಯಾಂಕ್ ಇಲ್ಲ. ತುಂಬುವ ಕೇಂದ್ರಕ್ಕೆ ಹೋಗಿ, ಸಾಲು ನಿಂತು, ತುಂಬಿಸಿ, ಹೊತ್ತು ತರಬೇಕು. ಕೆರೆ ದಂಡೆಯ ಮೇಲೆ ಮನೆ, ಕೊಡ ಇಲ್ಲದೆ ಬಾಯಾರಿಕೆ.

ಲೆಕ್ಕದ ಮಾತಿನಲ್ಲೂ ಒಂದೊಂದು ಕಡೆ ಒಂದೊಂದು ಭಾಷೆ. ಬೆಂಗಳೂರಿನ ಹಂಚಿಕೆ ಪಟ್ಟಿ ಟನ್ನಿನಲ್ಲಿ. ದೊಡ್ಡ ಆಸ್ಪತ್ರೆಯ ಟ್ಯಾಂಕು ಕಿಲೋಲೀಟರಿನಲ್ಲಿ. ತುಂಬುವವರ ಬಿಲ್ಲು ಘನ ಮೀಟರಿನಲ್ಲಿ. ತಾಲ್ಲೂಕಿನವರ ಬಾಯಲ್ಲಿ ಸಿಲಿಂಡರು. ವಾರ್ಡಿನ ಡಾಕ್ಟರ ಬಾಯಲ್ಲಿ ನಿಮಿಷಕ್ಕೆ ಇಷ್ಟು ಲೀಟರು. ಒಂದು ಕಿಲೋಲೀಟರ್ ದ್ರವ ಆಕ್ಸಿಜನ್ ತೂಗಿದರೆ 1.14 ಟನ್. ಟನ್ನೂ ಕಿಲೋಲೀಟರೂ ಒಂದೇ ಅಂತ ಹಿಡಿದರೆ ನೂರಕ್ಕೆ ಹದಿನಾಲ್ಕು ತಪ್ಪು. ಒಂದು ಟನ್ ಅನಿಲವಾದರೆ ಏಳುನೂರು ಘನ ಮೀಟರ್ ಮೇಲೆ, ಅಂದರೆ ಸುಮಾರು ನೂರು ಜಂಬೊ. ಇದನ್ನೆಲ್ಲ ಫಾರಂ ತುಂಬುವವರ ತಲೆಗೆ ಕಟ್ಟುವ ಬದಲು, ಅವರವರ ಭಾಷೆಯಲ್ಲೇ ಬರೆಯಲಿ, ತಿರುಗಿಸುವ ಕೆಲಸ ಯಂತ್ರದ್ದು ಅಂತ ಮಾಡಿದೆ. ನಲವತ್ತರ ರಾತ್ರಿ ಕಳೆದ ಮರುದಿನವೇ ಕೂತು ಮಾಡಿದ್ದು.

ಹೊಸ ಪುಟದಲ್ಲಿ 'ಎಷ್ಟು ಬೇಕು' ಅನ್ನುವ ಪ್ರಶ್ನೆಯನ್ನೇ ತೆಗೆದೆ. ಬದಲಿಗೆ ನಾಲ್ಕು ಪ್ರಶ್ನೆ: ತುಂಬಿದ ಜಂಬೊ ಎಷ್ಟು, ಖಾಲಿ ಎಷ್ಟು, ಆಕ್ಸಿಜನ್ ಮೇಲೆ ಎಷ್ಟು ರೋಗಿಗಳು, ಅವರಲ್ಲಿ ರಭಸವಾಗಿ ಆಕ್ಸಿಜನ್ ಕೊಡುವ ಹೈ ಫ್ಲೋ ಯಂತ್ರದ ಮೇಲೆ ಎಷ್ಟು ಮಂದಿ. ಉಳಿದದ್ದು ಗುಣಾಕಾರ ಭಾಗಾಕಾರ. ನಿಮಿಷಕ್ಕೆ 10 ಲೀಟರ್ ಎಳೆಯುವ ಒಬ್ಬ ರೋಗಿಗೆ ಗಂಟೆಗೆ 600 ಲೀಟರ್. ಜಂಬೊದಲ್ಲಿರುವುದು 7,000 ಲೀಟರ್. ಹನ್ನೊಂದೂವರೆ ಗಂಟೆ ಬರುತ್ತದೆ. ಅದೇ ರೋಗಿ ಹೈ ಫ್ಲೋ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರಿನಲ್ಲಿದ್ದರೆ ಒಂದು ಜಂಬೊ ಎರಡು ಗಂಟೆಯೂ ಬರುವುದಿಲ್ಲ. 20 ತುಂಬಿದ ಜಂಬೊ, ಹತ್ತು ಲೀಟರಿನ 24 ರೋಗಿಗಳು ಅಂದರೆ ಒಂಬತ್ತೂವರೆ ಗಂಟೆ ಚಿಲ್ಲರೆ. ಕೊನೆಯ ಹನಿಯವರೆಗೂ ಯಾರೂ ಬಳಸುವುದಿಲ್ಲ, ಒತ್ತಡ ಬೀಳುತ್ತಲೇ ಬದಲಿಸುತ್ತಾರೆ, ಆದ್ದರಿಂದ ಹತ್ತನೇ ಒಂದು ಪಾಲು ಕಳೆದೆ.

ಪರದೆಯ ಮೇಲೆ ಆಸ್ಪತ್ರೆಗಳು ಗಂಟೆಯ ಕ್ರಮದಲ್ಲಿ ಬಂದವು. ನಾಲ್ಕು ಗಂಟೆ ಉಳಿದವರು ಮೇಲೆ, ಮೂವತ್ತು ಗಂಟೆ ಇದ್ದವರು ಕೆಳಗೆ. ಜೊತೆಗೆ ದಾರಿಯ ಹೊತ್ತು. ಸಿರುಗುಪ್ಪಕ್ಕೆ ಹೋಗಿಬರುವುದು ಒಂದು ಲೆಕ್ಕ, ಹಡಗಲಿಗೆ ಹೋಗಿಬರುವುದು ಬೇರೆಯೇ ಲೆಕ್ಕ. ದೂರದವರಿಗೆ ಎಂಟು ಗಂಟೆ ಉಳಿದಿದ್ದರೂ ಈಗಲೇ ಗಾಡಿ ಹೊರಡಬೇಕು, ಹತ್ತಿರದವರಿಗೆ ಐದು ಗಂಟೆ ಇದ್ದರೂ ಸ್ವಲ್ಪ ತಡೆಯಬಹುದು. ಕೂಗಾಡಿದವರಿಗೆ ಮೊದಲು ಅನ್ನುವ ಪದ್ಧತಿ ಪೂರ್ತಿ ನಿಂತಿತು ಅನ್ನಲಾರೆ. ಸ್ವಲ್ಪ ಸಡಿಲವಾಯಿತು.

ನಲವತ್ತು ಬರೆದಿದ್ದ ಆ ಹಿರಿಯರಿಗೆ ಪುಟ ತೋರಿಸಲು ನಾನೇ ಹೋದೆ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಸಿಲಿಂಡರಿನ ಗಾಡಿಯಲ್ಲೇ ಹೋಗಿದ್ದೆ, ನಲವತ್ತು ಡಿಗ್ರಿ ಬಿಸಿಲು, ಹಿಂದೆ ಸಿಲಿಂಡರುಗಳ ಗುಡುಗುಡು. ಅವರು ಪುಟ ನೋಡಿದರು. ಆಮೇಲೆ ಮೇಜಿನ ಖಾನೆ ತೆರೆದು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದರು. ಅಡಿಪಟ್ಟಿ ಇಟ್ಟು ಗೆರೆ ಹೊಡೆದ ಐದು ಕಾಲಂ: ಹೊತ್ತು, ತುಂಬಿದ್ದು, ಖಾಲಿ, ರೋಗಿಗಳು, ಸಹಿ. ನಾಲ್ಕು ಗಂಟೆಗೊಮ್ಮೆ ಬರೆದಿದ್ದರು. ನಾನು ರಾತ್ರಿಯಿಡೀ ಕೂತು ಕಂಡುಹಿಡಿದೆ ಅಂದುಕೊಂಡಿದ್ದು ಏಪ್ರಿಲ್‌ನಿಂದಲೂ ಅವರ ಮೇಜಿನ ಖಾನೆಯಲ್ಲಿತ್ತು.

"ಇದನ್ನ ಮೊದ್ಲ ಯಾಕ ಹೇಳ್ಲಿಲ್ಲ ಸರ್?"

"ನೀವು ಕೇಳ್ಲಿಲ್ಲಲ್ಲವ್ವ."

ಅವರಿಗೆ ಇನ್ನೊಂದು ತಕರಾರಿತ್ತು, ಅದೂ ನ್ಯಾಯವೇ. ಒಂದೇ ಲೆಕ್ಕವನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೀಬೇಕು, ಔಷಧಿ ದಾಸ್ತಾನಿನ ಇ-ಔಷಧದಲ್ಲಿ ಹಾಕಬೇಕು, ಮೇಲಿನವರು ಕಳಿಸಿದ ಶೀಟಿನಲ್ಲಿ ತುಂಬಬೇಕು, ವಾಟ್ಸ್ಯಾಪ್ ಗುಂಪಿಗೆ ಕಳಿಸಬೇಕು, ಈಗ ನನ್ನದು ಐದನೆಯದು. ವಾಟ್ಸ್ಯಾಪ್ ನಿಲ್ಲಿಸಿ, ಪೋರ್ಟಲ್ ಒಂದೇ ಬಳಸಿ ಅಂತ ಹೇಳುವ ಹುಮ್ಮಸ್ಸು ನನಗೂ ಇತ್ತು. ಅದು ಆಗುವ ಮಾತಲ್ಲ ಅಂತ ಆ ಮೇಜಿನ ಮುಂದೆ ಕೂತಾಗ ಗೊತ್ತಾಯಿತು. ವಾಪಸ್ ಬಂದು ಪುಟದ ಕೆಳಗೆ ಒಂದು ಬಟನ್ ಹಾಕಿದೆ. ಒತ್ತಿದರೆ ಅದೇ ಅಂಕಿಗಳು ವಾಟ್ಸ್ಯಾಪ್ ಸಂದೇಶವಾಗಿ ಸಿದ್ಧವಾಗುತ್ತವೆ, ಗುಂಪು ಆರಿಸಿ ಕಳಿಸಿದರೆ ಆಯಿತು. ಐದು ಕೆಲಸ ನಾಲ್ಕಾಯಿತು. ಪೋರ್ಟಲ್ ತುಂಬುವವರ ಸಂಖ್ಯೆ ಆ ವಾರ ಏರಿದ್ದಕ್ಕೆ ಬೇರೆ ಯಾವ ಕಾರಣವೂ ನನಗೆ ಕಾಣಲಿಲ್ಲ.

ಮೊಬೈಲ್ ಒಟಿಪಿಯನ್ನೂ ತೆಗೆದೆ. ಫಾರ್ಮಸಿ ಅಧಿಕಾರಿಯ ಮೊಬೈಲಿಗೆ ಒಟಿಪಿ ಹೋಗುತ್ತಿತ್ತು, ಅವರು ಪಾಸಿಟಿವ್ ಆಗಿ ಮನೆಯಲ್ಲಿ ಮಲಗಿದರೆ ಆಸ್ಪತ್ರೆಯ ಲೆಕ್ಕವೇ ನಿಲ್ಲುತ್ತಿತ್ತು. ಲಾಗಿನ್ ಒಬ್ಬ ಮನುಷ್ಯನ ಹೆಸರಿನಲ್ಲಿರಬಾರದು, ಡ್ಯೂಟಿಯ ಹೆಸರಿನಲ್ಲಿರಬೇಕು. ಯಾರು ತುಂಬಿದರು ಅನ್ನೋದು ಪುಟದೊಳಗೆ ಬೇರೆ ಕೇಳಿದರಾಯಿತು. ಭದ್ರತೆಯ ಪಾಠ ಓದಿದವರು ಇದನ್ನು ಒಪ್ಪುವುದಿಲ್ಲ. ಅವರಿಗೆ ಆ ತಿಂಗಳ ಡ್ಯೂಟಿ ಚಾರ್ಟ್ ತೋರಿಸಬೇಕು.

ದಾನ ಬಂದ ಸಾಮಗ್ರಿಯದ್ದು ಇನ್ನೊಂದು ಕಥೆ. ಮೇ ಎರಡನೇ ವಾರದಿಂದ, ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಯಂತ್ರಗಳು ಬರತೊಡಗಿದವು. ಕಂಪನಿಗಳು, ಸಂಘಗಳು, ಹೊರದೇಶದಲ್ಲಿರುವ ಊರಿನವರು ಕೊಟ್ಟವು. ನನ್ನ ವ್ಯವಸ್ಥೆಯಲ್ಲಿ ಕಾರ್ಯಾದೇಶದ ಸಂಖ್ಯೆ ಇಲ್ಲದೆ ದಾಸ್ತಾನು ಒಳಬರುವಂತಿಲ್ಲ. ದಾನಕ್ಕೆ ಕಾರ್ಯಾದೇಶ ಎಲ್ಲಿಂದ ಬರಬೇಕು? ಉಗ್ರಾಣದವರು ಎರಡು ದಿನ ಕಾದು, ಆಮೇಲೆ 0000 ಅಂತ ಒತ್ತಿ ಒಳಗೆ ತೆಗೆದುಕೊಂಡರು. ತಿಂಗಳ ಕೊನೆಗೆ 0000 ಸಂಖ್ಯೆಯ ಕಾರ್ಯಾದೇಶದ ಮೇಲೆ ಪಲ್ಸ್ ಆಕ್ಸಿಮೀಟರು, ಕಾನ್ಸಂಟ್ರೇಟರು, ಹಣ್ಣಿನ ರಸದ ಡಬ್ಬಿ, ಎಲ್ಲ ಒಂದೇ ರಾಶಿ. ಅದನ್ನು ಬಿಡಿಸಲು ಅಕ್ಕನಿಗೂ ನನಗೂ ಜೂನ್ ಪೂರ್ತಿ ಹೋಯಿತು. ಅದೇ ಜೂನ್ 12ಕ್ಕೆ ಜಿಎಸ್‌ಟಿ ಮಂಡಳಿ ಕಾನ್ಸಂಟ್ರೇಟರ್, ಆಕ್ಸಿಮೀಟರ್ ಮೇಲಿನ ತೆರಿಗೆಯನ್ನು 12ರಿಂದ 5ಕ್ಕೆ, ಸ್ಯಾನಿಟೈಸರಿನದ್ದನ್ನು 18ರಿಂದ 5ಕ್ಕೆ ಇಳಿಸಿತು. ತೆರಿಗೆ ದರವನ್ನು ಕೋಡಿನೊಳಗೇ ಬರೆದಿದ್ದ ಪುಣ್ಯಾತ್ಗಿತ್ತಿ ಯಾರು ಅಂತ ಕೇಳಬೇಡಿ.

ಕೀ ವಿಷಯ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಹೊಸ ಪುಟ ಬಂದ ಮೇಲೆ, ಒಂದು ಬೆಳಗಿನ ಜಾವ, ಆರು ಗಂಟೆ ಉಳಿದಿದ್ದ ಒಂದು ಆಸ್ಪತ್ರೆಗೆ ಸರಿಯಾದ ಹೊತ್ತಿಗೆ ಗಾಡಿ ಹೋಯಿತು. ತುಂಬಿದ ಜಂಬೊಗಳು ಇಳಿದವು. ಪರದೆಯ ಮೇಲೆ ಆ ಆಸ್ಪತ್ರೆ ಕೆಳಕ್ಕೆ ಸರಿಯಿತು, ಇಪ್ಪತ್ತೆರಡು ಗಂಟೆ ಅಂತ ತೋರಿಸಿತು. ನಾನು ಚಹಾ ಕುಡಿಯಲು ಎದ್ದೆ. ಐದು ನಿಮಿಷಕ್ಕೆ ಫೋನು: "ಮೇಡಂ, ಸಿಲಿಂಡರ್ ಬಂದಾವ್ರಿ, ತೆರ್ಯಾಕ ಕೀ ಇಲ್ಲ." ಜಂಬೊ ವಾಲ್ವು ತೆರೆಯುವ ಕೈಗಾತ್ರದ ಕಬ್ಬಿಣದ ಕೀ. ಇದ್ದ ಒಂದೇ ಕೀ ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಹೋಗಿತ್ತು. ಎದುರಿಗಿದ್ದ ಗ್ಯಾರೇಜಿನವನನ್ನು ಎಬ್ಬಿಸಿ, ಪಾನಾ ತರಿಸಿ ತೆರೆದರು. ಆವತ್ತು ಅನಾಹುತವಾಗಲಿಲ್ಲ, ಹಳೆಯದರಲ್ಲಿ ಇನ್ನೂ ಸ್ವಲ್ಪ ಇತ್ತು. ಆದರೆ ನನ್ನ ಪರದೆ ಇಪ್ಪತ್ತೆರಡು ಗಂಟೆ ಅಂದ ಆ ಕ್ಷಣದಲ್ಲಿ ವಾರ್ಡಿಗೆ ತಲುಪಬಹುದಾಗಿದ್ದ ಹೊಸ ಗಾಳಿ ಸೊನ್ನೆ. ಸಿಲಿಂಡರ್ ಜೊತೆ ಕೀ, ರೆಗ್ಯುಲೇಟರ್, ಆಕ್ಸಿಜನ್‌ಗೆ ತೇವ ಕೊಡುವ ನೀರಿನ ಬಾಟಲಿ ಇವೆಯಾ ಅನ್ನೋ ಪ್ರಶ್ನೆ ಅವತ್ತು ಸೇರಿತು. ಆಕ್ಸಿಮೀಟರ್ ಖರೀದಿ ಪುಟಕ್ಕೆ ಸಣ್ಣ ಸೆಲ್ಲಿನ ಸಾಲು ಸೇರಿದ್ದೂ ಅವತ್ತೇ, ಬುದ್ಧಿ ಬಂದ ಗುರುತಿಗೆ.

ನಾನು ಆ ಕೆಲಸ ಬಿಟ್ಟು ಈಗ ವರ್ಷಗಳಾದವು. ಸರ್ವರಿನ ಬಾಡಿಗೆ ನವೀಕರಣವಾಗಲಿಲ್ಲ, ವಿಳಾಸ ಒತ್ತಿದರೆ ಪುಟ ತೆರೆಯುವುದಿಲ್ಲ. ಮಾಹಿತಿಯ ಪ್ರತಿ ಕಚೇರಿಯ ಒಂದು ಹಾರ್ಡ್ ಡಿಸ್ಕಿನಲ್ಲಿದೆ, ಅದಕ್ಕೆ ಅಕ್ಕ ಬಿಳಿ ಕಾಗದ ಅಂಟಿಸಿ ತಾರೀಖು ಬರೆದಿದ್ದಾರೆ.

ಹೋದ ವರ್ಷ ಸಂಬಂಧಿಕರ ಮಗುವಿನ ಜ್ವರಕ್ಕೆ ಆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಾಯಿತು. ಹಿರಿಯರು ನಿವೃತ್ತರಾಗಿದ್ದಾರೆ, ಅವರ ಜಾಗದಲ್ಲಿ ಹುಡುಗನೊಬ್ಬ ಕೂತಿದ್ದ. ವಾರ್ಡಿನ ಬಾಗಿಲ ಪಕ್ಕ ನಾಲ್ಕು ಜಂಬೊ ಸರಪಳಿ ಕಟ್ಟಿಸಿಕೊಂಡು ನಿಂತಿದ್ದವು. ಅವುಗಳ ಮೇಲೆ, ಕಿಟಕಿಯ ಸರಳಿಗೆ, ಹಸಿರು ಪ್ಲಾಸ್ಟಿಕ್ ಹಗ್ಗದಲ್ಲಿ ಮೂರು ಕೀ ಜೋತುಬಿದ್ದಿದ್ದವು. ಹಗ್ಗ ಎಷ್ಟು ಉದ್ದ ಅಂದರೆ, ಕೊನೆಯ ಸಿಲಿಂಡರಿಗೆ ಸರಿಯಾಗಿ ಎಟಕುವಷ್ಟು.